ಕುದುರೆ ಲಾಯದ ಅಳತೆ

ನಾನು ನಕ್ಷೆ ಬರೆಯುವವಳು. ಹೊಸದಾಗಿ ಕಟ್ಟುವ ಮನೆಗಳ ನಕ್ಷೆಯಲ್ಲ. ಹಳೆಯ ಕಟ್ಟಡಗಳನ್ನು ಅಳೆದು, ಅವು ಇರುವ ಹಾಗೆಯೇ, ಸೊಟ್ಟಗಿದ್ದರೆ ಸೊಟ್ಟಗೇ, ಕಾಗದಕ್ಕೆ ಇಳಿಸುವುದು ನನ್ನ ಕೆಲಸ. ಮಂಡ್ಯದಲ್ಲಿ ನೆಂಟರ ಮನೆಗಳಲ್ಲಿ ಇದನ್ನು ವಿವರಿಸಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ "ಅಂದ್ರೆ ಇರೋ ಮನೇನೇ ಬರೀತೀಯಾ?" ಎಂದು ಕೇಳುತ್ತಾರೆ. ಹೌದು ಎಂದು ಹೇಳಿ ಹೇಳಿ ಸಾಕಾಗಿ, ಈಗ ಇಂಜಿನಿಯರಿಂಗ್ ಕೆಲಸ ಅಂದುಬಿಡುತ್ತೇನೆ.

ದಂಡಿನ ಮಾಳದ ಕೆಲಸ ಕೈಗೆ ಬಂದಾಗ ನನ್ನ ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತು. ನನಗೆ ಅಳು ಬಂದಿರಲಿಲ್ಲ. ಬಂದವರು ನನ್ನನ್ನು ತಬ್ಬಿಕೊಂಡು ಅತ್ತರು, ನಾನು ಅವರ ಬೆನ್ನು ಸವರಿ ಸಮಾಧಾನ ಮಾಡಿ ಕಾಫಿ ಕೊಟ್ಟು ಕಳಿಸಿದೆ. ಗಟ್ಟಿಗಿತ್ತಿ ಎಂದು ಹೊಗಳಿದರು. ಗಟ್ಟಿತನ ಏನೂ ಅಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಚುಚ್ಚುವ ಸೂಜಿಗೆ ಕೆನ್ನೆ ಮರಗಟ್ಟುತ್ತದಲ್ಲ, ಹಾಗೆ ಇಡೀ ಮೈ ಆಗಿತ್ತು. ಕಾಫಿಗೆ ಸಕ್ಕರೆ ಹಾಕಿದ್ದೇನೋ ಇಲ್ಲವೋ ಕುಡಿದ ಮೇಲೂ ಗೊತ್ತಾಗುತ್ತಿರಲಿಲ್ಲ. ಕಚೇರಿಯಲ್ಲಿ ಮೇಲಿನವರು, "ಸ್ವಲ್ಪ ಹೊರಗಡೆ ಓಡಾಡಿದರೆ ಒಳ್ಳೆಯದು" ಎಂದು ಈ ಕೆಲಸ ಕೊಟ್ಟರು. ಒಳ್ಳೆಯದು, ಕೆಟ್ಟದ್ದು ಎರಡೂ ನನಗೆ ಒಂದೇ ಆಗಿತ್ತು. ಟೇಪು, ಹಲಗೆ, ಪೆನ್ಸಿಲ್ಲು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಮದ್ದೂರಿನಲ್ಲಿ ಬಸ್ಸು ಬದಲಿಸಿ ಮಳವಳ್ಳಿ ರಸ್ತೆ ಹಿಡಿದರೆ, ಭಾರತೀನಗರ ದಾಟಿ ಸ್ವಲ್ಪ ದೂರಕ್ಕೆ, ಕಬ್ಬಿನ ಗದ್ದೆಗಳ ನಡುವೆ ದಂಡಿನ ಮಾಳ ಎನ್ನುವ ಎತ್ತರದ ಬಯಲು ಸಿಗುತ್ತದೆ. ಹಿಂದೆ ಅಲ್ಲಿ ಕುದುರೆ ಸವಾರರ ದಂಡೊಂದು ಬೀಡುಬಿಟ್ಟಿತ್ತಂತೆ. ಯಾರ ಕಾಲದಲ್ಲಿ, ಎಷ್ಟು ವರ್ಷ ಎನ್ನುವುದರಲ್ಲಿ ಕಚೇರಿಯ ಕಾಗದಗಳು ಒಂದಕ್ಕೊಂದು ಒಪ್ಪುತ್ತಿರಲಿಲ್ಲ. ನಾನು ಹೋದಾಗ ಉಳಿದದ್ದು ಮೂರು ಕಟ್ಟಡ. ಮದ್ದುಗುಂಡು ಇಡುತ್ತಿದ್ದ ದಪ್ಪ ಗೋಡೆಯ ಮದ್ದಿನ ಮನೆ, ಕಾವಲಿನವರ ಪಹರೆ ಕೋಣೆ, ಹಾಗೂ ಉದ್ದಕ್ಕೆ ರೈಲು ಡಬ್ಬಿಗಳ ಹಾಗೆ ನಿಂತ ಕುದುರೆ ಲಾಯ. ಪಹರೆ ಕೋಣೆಯ ಮುಂದೆ ಪಕ್ಕದ ಗದ್ದೆಯ ಗೌಡರು ಎಮ್ಮೆ ಕಟ್ಟಿದ್ದರು.

ನಾನು ಗೋಡೆಗೆ ಟೇಪು ಹಿಡಿದದ್ದನ್ನು ಅವರು ಬೆಳಗಿನಿಂದ ಮಧ್ಯಾಹ್ನದವರೆಗೆ ನೋಡಿದರು. ಕೊನೆಗೆ ತಡೆಯಲಾರದೆ ಹತ್ತಿರ ಬಂದರು.

"ಅಲ್ಲ ಕಣಮ್ಮ, ಈ ಗೋಡೆ ಅಳ್ದು ಬರ್ಕಂಡೋಗಿ ಏನ್ ಮಾಡೀರಿ? ಉಪ್ಪಾಕ್ಕಂಡ್ ನೆಕ್ಕೀರಾ?"

"ಉಳಿಸ್ತೀವಿ" ಎಂದೆ.

"ಉಳ್ಸೋದೇನ್ ಬಂತು, ಅದೇ ನಿಂತದಲ್ಲ" ಎಂದು ಎಮ್ಮೆ ಬಿಚ್ಚಿಕೊಂಡು ಹೋದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಲಾಯದ ಮೊದಲ ಆರು ಗೂಡುಗಳ ಚಾವಣಿ ಎಂದೋ ಬಿದ್ದುಹೋಗಿತ್ತು. ಕೊನೆಯ ನಾಲ್ಕು ಗೂಡುಗಳಲ್ಲಿ ಒಬ್ಬ ಅಜ್ಜಿ ಮಗನ ಜೊತೆ ವಾಸವಾಗಿದ್ದರು. ತಾಯಿ ಮಗ ತಮ್ಮತಮ್ಮಲ್ಲಿ ಉರ್ದು ಮಾತಾಡುತ್ತಿದ್ದರು, ಉಳಿದವರ ಜೊತೆ ಊರಿನದೇ ಕನ್ನಡ. ಅಜ್ಜಿಯ ಗಂಡನ ಮನೆತನದವರು ದಂಡಿನ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದರಂತೆ. ದಂಡು ಹೋಯಿತು, ಕುದುರೆ ಹೋದವು, ಇವರು ಸುತ್ತಲಿನ ಹಳ್ಳಿಗಳ ಎತ್ತುಗಳಿಗೆ ಲಾಳ ಕಟ್ಟುತ್ತಾ ಅಲ್ಲೇ ಉಳಿದರು. ಈಗ ಎತ್ತೂ ಕಡಿಮೆಯಾಗಿ, ಮಗ ಮದ್ದೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಕುದುರೆಗಳನ್ನು ಒಂದೊಂದಾಗಿ ಕಟ್ಟುತ್ತಿದ್ದ ಆ ಗೂಡುಗಳ ನಡುವಿನ ಗೋಡೆಯಲ್ಲಿ ಬಾಗಿಲು ಒಡೆದು ಮನೆ ಮಾಡಿಕೊಂಡಿದ್ದರು. ಪ್ರತಿ ಗೂಡಿನ ನೆತ್ತಿಯಲ್ಲಿ ಕಪ್ಪು ಬಣ್ಣದ ಅಂಕಿ ಇನ್ನೂ ಇತ್ತು, ಗೋಡೆಯಲ್ಲಿ ಕುದುರೆ ಕಟ್ಟುವ ಕಬ್ಬಿಣದ ಬಳೆ ಇತ್ತು. ಆ ಮನೆಯಲ್ಲಿ ಅಡುಗೆಮನೆ, ನಡುಮನೆ ಎನ್ನುವ ಮಾತೇ ಇಲ್ಲ. "ಎಂಟ್ನೇ ಕುದ್ರೇಲಿ ಚಾಪೆ ಐತೆ, ತಗಂಡ್ ಕುಂತ್ಕೊ ಮಗ" ಎಂದು ಅಜ್ಜಿ ಹೇಳಿದಾಗ ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಒಲೆ ಏಳನೇ ಕುದುರೆಯಲ್ಲಿ, ಮಲಗುವುದು ಒಂಬತ್ತನೇ ಕುದುರೆಯಲ್ಲಿ, ಮಗನ ಸಾಮಾನು ಹತ್ತನೆಯದರಲ್ಲಿ.

ಆ ಮನೆಗೆ ಅವರ ಹೆಸರಿನ ಕಾಗದ ಯಾವುದೂ ಇರಲಿಲ್ಲ. ನಮ್ಮ ಕೆಲಸದಿಂದ ಅದು ಸಿಗುವ ಹಾಗಿತ್ತು. ನಾನು ಅಳೆದು ಬರೆದ ಮೇಲೆ ಮೂವರ ಸಮಿತಿಯೊಂದು ಬಂದು ಮೂರೂ ಕಟ್ಟಡ ನೋಡುತ್ತದೆ. ಹಳೆಯ ಗಾರೆ, ಹಳೆಯ ಕಲ್ಲು, ಹಳೆಯ ಚಾವಣಿ ಹೆಚ್ಚು ಕೆಡದೆ ಇದ್ದರೆ ಉಳಿಸುವ ಪಟ್ಟಿಗೆ ಸೇರಿಸುತ್ತದೆ, ರೂಪ ಕೆಟ್ಟಿದ್ದರೆ ತೆಗೆಯುವ ಪಟ್ಟಿಗೆ. ಉಳಿಸುವ ಕಟ್ಟಡದಲ್ಲಿ ಬಹುಕಾಲದಿಂದ ಯಾರಾದರೂ ವಾಸವಿದ್ದರೆ ಅವರನ್ನೇ ಅದರ ಉಸ್ತುವಾರಿಗೆ ಇಟ್ಟು, ಅಲ್ಲೇ ಇರಲು ಪತ್ರ ಕೊಡುತ್ತಾರೆ. ತೆಗೆಯುವ ಪಟ್ಟಿಯಾದರೆ ಖಾಲಿ ಮಾಡಿಸುತ್ತಾರೆ. ಲಾಯ ಉಳಿಯುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಆ ಗಾರೆ, ಆ ಅಂಕಿ, ಆ ಬಳೆಗಳು ನಮ್ಮ ಸೀಮೆಯಲ್ಲಿ ಇನ್ನೆಲ್ಲೂ ಹಾಗೆ ಉಳಿದಿದ್ದನ್ನು ನಾನು ನೋಡಿರಲಿಲ್ಲ. ಅಜ್ಜಿಗೂ ಹಾಗೆಯೇ ಹೇಳಿದೆ.

"ಅಂಗಾರೆ ನಾನು ಇಲ್ಲೇ ಸಾಯ್ಬೋದು ಅನ್ನು" ಎಂದರು ಅಜ್ಜಿ, ಖುಷಿಯಾಗಿ.

ಮೊದಲ ದಿನವೇ ಮಾಡಬೇಕಾದ ಒಂದು ಕೆಲಸವಿತ್ತು. ವಾಸವಿರುವವರಿಗೆ ಒಂದು ತಿಳಿವಳಿಕೆ ಪತ್ರ ಕೊಡಬೇಕು. ಸಮಿತಿ ನೋಡಿ ಹೋಗುವವರೆಗೆ ಸುಣ್ಣ ಬಳಿಯಬಾರದು, ಗಿಲಾವು ಮಾಡಬಾರದು, ಬಣ್ಣ ಹೊಡೆಯಬಾರದು, ಏನನ್ನೂ ಕೀಳಬಾರದು, ಕತ್ತರಿಸಬಾರದು ಎಂದು ಅದರಲ್ಲಿ ಅಚ್ಚಾಗಿತ್ತು. ಕೊಡುವುದಷ್ಟೇ ಅಲ್ಲ, ಗಟ್ಟಿಯಾಗಿ ಓದಿ ಹೇಳಿ, ಓದಿ ಹೇಳಿದ್ದಕ್ಕೆ ಸಹಿ ಹಾಕಿಸಿಕೊಳ್ಳಬೇಕು. ಎರಡು ತಿಂಗಳಿಂದ ನಾನು ಆಸ್ಪತ್ರೆ, ಬ್ಯಾಂಕು, ತಾಲ್ಲೂಕು ಕಚೇರಿ ಎಂದು ಗಂಡನ ಸಾವಿನ ಕಾಗದಗಳನ್ನು ಓದಿ ಓದಿ ಸೋತಿದ್ದೆ. ಇನ್ನೊಂದು ಅಚ್ಚಿನ ಕಾಗದ ನೋಡಿದರೆ ಬಾಯಿ ತೆರೆಯಲು ಮನಸ್ಸಾಗಲಿಲ್ಲ. ನಾಳೆ ಓದಿದರಾಯಿತು ಎಂದುಕೊಂಡು, "ಅಜ್ಜಿ, ಇಲ್ಲೊಂದು ಸೈನ್ ಹಾಕಿ" ಎಂದೆ. ಅಜ್ಜಿಗೆ ಓದಲು ಬರುತ್ತಿರಲಿಲ್ಲ, ಸಹಿ ಮಾತ್ರ ಕಲಿತಿದ್ದರು. ನಾಲಿಗೆ ಕಚ್ಚಿಕೊಂಡು ನಿಧಾನವಾಗಿ ಹಾಕಿದರು. ಏನು ಕಾಗದ ಎಂದು ಕೇಳಲಿಲ್ಲ. ನನ್ನನ್ನು ನಂಬಿದ್ದರು, ಅಷ್ಟೇ. ನಾನು ಪತ್ರ ಮಡಿಸಿ ಫೈಲಿಗೆ ಸೇರಿಸಿದೆ. ಅದನ್ನು ಓದುವ ಆ ನಾಳೆ ಬರಲೇ ಇಲ್ಲ.

ಅಳತೆ ಮೂರು ವಾರ ನಡೆಯಿತು. ಟೇಪಿನ ಇನ್ನೊಂದು ತುದಿ ಹಿಡಿಯಲು ಕಚೇರಿಯಿಂದ ಯಾರನ್ನೂ ಕೊಟ್ಟಿರಲಿಲ್ಲ, ಅಜ್ಜಿಯೇ ಹಿಡಿದರು. ಹಳೆಯ ಕೋಣೆಗಳಲ್ಲಿ ಉದ್ದ ಅಗಲ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೂ ಅಡ್ಡಕ್ಕೆ ಅಳೆಯಬೇಕು, ಆಗಲೇ ಕೋಣೆ ಎಷ್ಟು ಸೊಟ್ಟ ಎಂದು ತಿಳಿಯುವುದು. ಒಂದು ಸಲ ತೋರಿಸಿದ್ದಕ್ಕೆ ಅಜ್ಜಿ ಕಲಿತುಬಿಟ್ಟರು. ನಾನು ಪೆನ್ಸಿಲ್ಲು ಕೆತ್ತುವುದರಲ್ಲಿ ಅವರು ಮುಂದಿನ ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಟೇಪು ಒತ್ತಿ ಹಿಡಿದಿರುತ್ತಿದ್ದರು. ಒಂದು ದಿನ ಹಿಂದಿನ ದಿನದ ಅಳತೆ ಬರೆದುಕೊಳ್ಳುವುದು ನನಗೆ ಬಿಟ್ಟುಹೋಗಿತ್ತು. ಅವರು ಒಲೆ ಮುಂದಿನಿಂದಲೇ ಹೇಳಿದರು. "ಅನ್ನೆಲ್ಡಡಿ ಮೂರಿಂಚು ಅಂದಲ್ಲವ್ವ ನೆನ್ನೆ." ಮತ್ತೆ ಅಳೆದು ನೋಡಿದೆ. ಹನ್ನೆರಡಡಿ ಮೂರಿಂಚೇ.

"ನಿನ್ ಗಂಡ ಏನ್ ಮಾಡ್ತಾನೆ?" ಎಂದು ಆ ದಿನಗಳಲ್ಲೇ ಒಮ್ಮೆ ಕೇಳಿದರು.

"ಇಲ್ಲ ಅಜ್ಜಿ, ಹೋಗಿಬಿಟ್ರು" ಎಂದೆ.

ಎಲ್ಲರ ಹಾಗೆ ಲೊಚಗುಟ್ಟಲಿಲ್ಲ. ಟೇಪಿನ ತುದಿ ಬಿಡದೆ, "ಅದ್ಕೇ ನೀನು ಗೋಡೆ ಜೊತೇಲಿ ಇಷ್ಟೊತ್ತು ಇರ್ತೀಯ" ಎಂದರು. ನನಗೆ ಆಗಲೂ ಏನೂ ಅನ್ನಿಸಲಿಲ್ಲ. ಅಳತೆ ಬರೆದುಕೊಂಡೆ.

ಕೆಲಸ ಮುಗಿಸಿ ಹೊರಟ ದಿನ ಅಜ್ಜಿ ಬಾಗಿಲವರೆಗೆ ಬಂದರು. "ಆ ದೊಡ್ಡೋರು ಬತ್ತರಲ್ಲ, ನಾವೇನಾರ ಮಾಡ್ಬೇಕಾ ಮಗ?"

ಬಸ್ಸಿನ ಹೊತ್ತಾಗಿತ್ತು. "ಏನೂ ಬೇಡ ಅಜ್ಜಿ, ಮನೆ ಸ್ವಲ್ಪ ಚೊಕ್ಕಟವಾಗಿರಲಿ, ಅಷ್ಟೇ" ಎಂದು ಹೇಳಿ ಬಂದೆ.

ನಾನು ಈ ಸೀಮೆಯಲ್ಲೇ ಹುಟ್ಟಿ ಬೆಳೆದವಳು. ಮನೆಗೆ ದೊಡ್ಡವರು ಬರುತ್ತಾರೆ, ಮನೆ ಚೊಕ್ಕಟವಾಗಿರಲಿ ಎಂದರೆ ನಮ್ಮಲ್ಲಿ ಯಾರೂ ಪೊರಕೆ ಹಿಡಿದು ಸುಮ್ಮನಾಗುವುದಿಲ್ಲ. ಹೆಣ್ಣು ನೋಡಲು ಬರುತ್ತಾರೆ ಅಂದರೂ ಸುಣ್ಣ, ಹಬ್ಬ ಅಂದರೂ ಸುಣ್ಣ, ಸಾಹೇಬರು ಬರುತ್ತಾರೆ ಅಂದರೆ ಶಾಲೆಯಿಂದ ಪಂಚಾಯ್ತಿ ಕಟ್ಟೆಯವರೆಗೆ ಸುಣ್ಣ ಕೆಮ್ಮಣ್ಣು. ಒರಟು ಗೋಡೆ ಬಿಟ್ಟು ಅತಿಥಿಯನ್ನು ಒಳಗೆ ಕರೆದರೆ ಮನೆಯವರಿಗೇ ಅವಮಾನ. ಇದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೂ ಹೇಳಿ ಬಂದೆ.

ಸಮಿತಿಯವರ ಜೀಪಿನಲ್ಲಿಯೇ ಮಂಡ್ಯದಿಂದ ಹೋದೆ. ಮದ್ದಿನ ಮನೆ ನೋಡಿ ಅವರು ಬಹಳ ಮೆಚ್ಚಿದರು. ಪಹರೆ ಕೋಣೆಯನ್ನೂ ಮೆಚ್ಚಿದರು, ಎಮ್ಮೆಯನ್ನು ಬಿಟ್ಟು. ಲಾಯದ ಕೊನೆಗೆ ಬಂದಾಗ ಬಣ್ಣದ ವಾಸನೆ ಮೊದಲು ಬಂತು.

ನಾಲ್ಕೂ ಗೂಡುಗಳು ತಿಳಿ ಹಸಿರಾಗಿದ್ದವು. ಹಳೆಯ ಗಾರೆಯನ್ನು ಕೆರೆದು ಒಳಗೂ ಹೊರಗೂ ಸಿಮೆಂಟಿನ ಗಿಲಾವು ಮಾಡಿ, ಮೇಲೆ ಆಯಿಲ್ ಪೇಂಟು ಹೊಡೆದಿದ್ದರು. ಅಂಕಿಗಳು ಕೆಳಗೆ ಹೋಗಿದ್ದವು. ಕಬ್ಬಿಣದ ಬಳೆಗಳನ್ನು, ಸೀರೆಗೆ ಸಿಕ್ಕಿ ಹರಿಯುತ್ತವೆ ಎಂದು, ಮಗ ಅಂಗಡಿಯಿಂದ ಗ್ಯಾಸ್ ಕಟರ್ ತಂದು ಕತ್ತರಿಸಿ ಗೋಡೆಗೆ ಸಮ ಮಾಡಿದ್ದ. ಗೌಡರು ತಮ್ಮ ಹೊಸ ಮನೆಗೆ ತಂದು ಉಳಿದಿದ್ದ ಸಿಮೆಂಟು ಕೊಟ್ಟಿದ್ದರಂತೆ. ಅದನ್ನು ಅವರೇ ಮುಂದೆ ಬಂದು ಹೇಳಿದರು. "ಮೂರ್ ದಿವ್ಸ ಕರಣೆ ಇಡ್ದಿದ್ದೂ ನಾನೇ ಸ್ವಾಮಿ. ಎಂಗೈತೆ?" ಮಾಳದ ಸುತ್ತಲಿನ ಮನೆಗಳವರೆಲ್ಲ ಕೈ ಹಾಕಿದ್ದರು. ಅಜ್ಜಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಿ ಮುಖ ಅರಳಿತು.

"ಚೊಕ್ಕಟವಾಯ್ತಾ ಮಗ?"

ಎದೆ ಧಸಕ್ಕೆಂದಿತು ಎಂದು ಬರೆಯಬಹುದು. ಎನ್ನಲಿಲ್ಲ. ಕಣ್ಣು ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಗಿಲಾವು ಮುಕ್ಕಾಲು ಇಂಚು, ಬಳೆ ನಾಲ್ಕೂ ಇಲ್ಲ, ಬಾಗಿಲ ಕಮಾನು ಚೌಕವಾಗಿದೆ ಎಂದು ಒಳಗೆ ಯಾರೋ ಪಟ್ಟಿ ಮಾಡುತ್ತಿದ್ದರು.

ಸಮಿತಿಯ ಹಿರಿಯರು ಕೆಟ್ಟವರಲ್ಲ. ನನ್ನ ನಕ್ಷೆ, ಫೋಟೋಗಳನ್ನು ಗೋಡೆಯ ಪಕ್ಕ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಫೈಲಿನಿಂದ ಆ ತಿಳಿವಳಿಕೆ ಪತ್ರ ತೆಗೆದರು.

"ಅಮ್ಮ, ಇದು ನಿಮ್ಮ ಸಹಿ ಅಲ್ಲವಾ?"

"ಊ ಸ್ವಾಮಿ, ನಂದೇಯ" ಎಂದರು ಅಜ್ಜಿ, ಸಹಿ ಬರುತ್ತದೆ ಎಂಬ ಹೆಮ್ಮೆಯಲ್ಲಿ.

"ಏನೂ ಮುಟ್ಟಬಾರದು ಅಂತ ಓದಿ ಹೇಳಿ, ನಿಮ್ಮ ಸಹಿ ತಗೊಂಡಿದಾರೆ. ಆದರೂ ಹೀಗೆ ಮಾಡಿದ್ದೀರಲ್ಲ. ಹೋದದ್ದು ಇನ್ನು ಬರೋದಿಲ್ಲ."

ಅಜ್ಜಿ ಹಿರಿಯರನ್ನು ನೋಡಿದರು, ಕಾಗದ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. ನಾನು ಹೇಳಬೇಕಾದ್ದು ಒಂದೇ ಮಾತು. ನಾನು ಓದಲಿಲ್ಲ ಸಾರ್. ಆ ಮಾತು ಬಾಯಿಯವರೆಗೆ ಬಂದಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ, ಎಲ್ಲೂ ಬಂದಿರಲಿಲ್ಲ. ನಾನು ಹಲಗೆಯ ಮೇಲಿನ ಕಾಗದಕ್ಕೆ ಕ್ಲಿಪ್ಪು ಸರಿಮಾಡುತ್ತಾ ನಿಂತೆ.

ಅಜ್ಜಿಯೇ ಹೇಳಿದರು. "ಓದಿರ್ಬೇಕು ಸ್ವಾಮಿ. ವಯಸ್ಸಾಗೋಗದೆ, ನಾನೇ ಮರ್ತಿರ್ಬೇಕು."

ಮಗ ಅಲ್ಲೇ ಇದ್ದ. ಅವನು ತಾಯಿಯನ್ನು ನೋಡಿದ ನೋಟ ನನಗೆ ಕಂಡಿತು.

ಲಾಯ ತೆಗೆಯುವ ಪಟ್ಟಿಗೆ ಹೋಯಿತು. ಕಾರಣದ ಅಂಕಣದಲ್ಲಿ, ತಿಳಿವಳಿಕೆ ನೀಡಿದ್ದರೂ ವಾಸಿಗಳು ಮೂಲ ರೂಪ ಕೆಡಿಸಿದ್ದಾರೆ ಎಂದು ಬರೆದಿದ್ದರು. ಆ ಸಾಲನ್ನು ನಾನೇ ಶುದ್ಧಪ್ರತಿ ಮಾಡಿದೆ. ಒಂದೂವರೆ ತಿಂಗಳಾದ ಮೇಲೆ, ಪತ್ರವನ್ನು ನಾನು ಓದಿ ಹೇಳಿರಲಿಲ್ಲ, ತಪ್ಪು ನನ್ನದು ಎಂದು ಕಚೇರಿಗೆ ಒಂದು ಅರ್ಜಿ ಕೊಟ್ಟೆ. ಅಷ್ಟು ದಿನವೂ ಬೆಳಿಗ್ಗೆ ಎದ್ದು ಇವತ್ತು ಬರೆಯಬೇಕು ಎಂದುಕೊಳ್ಳುತ್ತಿದ್ದೆ, ಸಂಜೆ ಬಸ್ಸಿಳಿದು ಮನೆಗೆ ಬರುತ್ತಿದ್ದೆ, ನಡುವೆ ದಿನ ಎಲ್ಲಿಗೆ ಹೋಯಿತೋ ತಿಳಿಯುತ್ತಿರಲಿಲ್ಲ. ಅರ್ಜಿಯ ಅಂಚಿನಲ್ಲಿ ಯಾರೋ "ಗಮನಿಸಲಾಗಿದೆ" ಎಂದು ಬರೆದು ಫೈಲಿಗೆ ಹಾಕಿದರು. ಮೇಲಿನವರು ನನ್ನನ್ನು ಕರೆದು, ಆರೋಗ್ಯ ನೋಡಿಕೊಳ್ಳಿ ಎಂದರು. ಅಷ್ಟರಲ್ಲಿ ಲಾಯ ನೆಲಸಮವಾಗಿ, ಮದ್ದಿನ ಮನೆ ನೋಡಲು ಬರುವವರ ಗಾಡಿ ನಿಲ್ಲಿಸಲು ಆ ಜಾಗಕ್ಕೆ ಜಲ್ಲಿ ಸುರಿದಾಗಿತ್ತು. ಗಾಡಿಗಳೇನೂ ಬರುತ್ತಿಲ್ಲ. ಗೌಡರು ಅಲ್ಲಿ ರಾಗಿ ಒಣಗಿಸುತ್ತಾರೆ.

ಲಾಯದ ನನ್ನ ನಕ್ಷೆ ಮಾತ್ರ ಚೆನ್ನಾಗಿ ಬಂದಿದೆ. ಕಚೇರಿಗೆ ಬಂದವರಿಗೆಲ್ಲ ಅದನ್ನು ತೋರಿಸುತ್ತಾರೆ. ಮುಂದಿನ ವರ್ಷ ಅದರ ಒಂದು ಪ್ರತಿಗೆ ಚೌಕಟ್ಟು ಹಾಕಿಸಿ ಮದ್ದೂರಿಗೆ ಹೋದೆ. ಅಜ್ಜಿಗೆ ಕೊಡಬೇಕು ಎನ್ನುವುದು ಒಂದು ನೆಪ. ಅರ್ಜಿಯಲ್ಲಿ ಬರೆದದ್ದನ್ನು ಅಜ್ಜಿಗೆ ಇನ್ನೂ ಹೇಳಿರಲಿಲ್ಲ.

ವೆಲ್ಡಿಂಗ್ ಅಂಗಡಿಯ ಹಿಂದೆಯೇ ಒಂದು ಬಾಡಿಗೆ ಕೋಣೆ. ಮಗ ಕೆಲಸ ಬಿಟ್ಟು ಬಂದು ಒಳಗೆ ಕರೆದ. ಅಜ್ಜಿ ಗೋಡೆಗೆ ಒರಗಿ ಕುಳಿತಿದ್ದರು. ನನ್ನನ್ನು ನೋಡಿದರು, ಆದರೆ ಮಾತಾಡುವ ಮೊದಲು ಮಗನನ್ನು ತಮ್ಮ ಉರ್ದುವಿನಲ್ಲಿ ಕೇಳಿದರು, ನನಗೂ ಅರ್ಥವಾಗುವಷ್ಟು ಸುಲಭದ ಮಾತು.

"ಅಳತೆ ಮಾಡ್ತಿದ್ಲಲ್ಲ, ಅವ್ಳೇ ಅಲ್ವಾ? ಅವ್ಳೇ ತಾನೆ?"

"ಅವ್ರೇ ಕಣಮ್ಮ."

ಅಜ್ಜಿಯ ಸೆರಗಿನ ತುದಿಯಲ್ಲಿ ಸಾಲಾಗಿ ಗಂಟುಗಳಿದ್ದವು. ನಾನು ನೋಡುತ್ತಿರುವುದನ್ನು ಕಂಡು ಮಗ ಹೇಳಿದ. "ನೆಪ್ಪಿಗೆ ಆಕ್ಕೊಳೋದು ಕಣಕ್ಕ. ಮಾತ್ರೆಗೊಂದು, ನೀರ್ ಬಿಡೋ ಒತ್ತಿಗೊಂದು. ಗ್ಯಾಸ್ ಆರಿಸ್ದೆನಾ ಅಂತ ಅತ್ ಸಲ ಕೇಳ್ತದೆ. ಆರ್ಸೇ ಇರ್ತದೆ. ಡಾಕ್ಟ್ರು ಏನೂ ಇಲ್ಲ ಅಂತರೆ. ಆ ಕಾಗ್ದ ಓದಿದ್ದು ಮರ್ತು ಮನೆ ಕಳ್ದೆ ಅಂತ ಅವತ್ತಿಂದ ಇಂಗೇಯ. ನಾನೂ ಬೈದ್ಬುಟ್ಟೆ ಒಂದ್ಸಲ, ಕ್ವಾಪದಲ್ಲಿ."

ಅಲ್ಲಿ ನನಗೆ ನಾಚಿಕೆಯಾಯಿತು. ಒಂದು ವರ್ಷದಿಂದ ಏನೂ ಅನ್ನಿಸದಿದ್ದ ಮೈಗೆ ಮೊದಲು ಬಂದದ್ದು ದುಃಖವಲ್ಲ, ನಾಚಿಕೆ. ಕಿವಿ ಬಿಸಿಯಾಯಿತು. ಹನ್ನೆರಡಡಿ ಮೂರಿಂಚನ್ನು ನೆನಪಿಟ್ಟಿದ್ದ ಹೆಂಗಸು ಇವರು.

"ಅಜ್ಜಿ, ನಾನು ಆ ಕಾಗದ ಓದಲೇ ಇಲ್ಲ. ಸೈನ್ ಮಾತ್ರ ಹಾಕಿಸಿಕೊಂಡೆ. ಅವತ್ತು ಅವರ ಮುಂದೆ ಹೇಳಲೂ ಇಲ್ಲ. ತಪ್ಪು ನನ್ನದು."

ಅಜ್ಜಿ ನನ್ನನ್ನೇ ನೋಡುತ್ತಿದ್ದರು. "ಓದ್ಲೇ ಇಲ್ವಾ?"

"ಇಲ್ಲ."

"ಒಂದ್ ಸಾಲೂವೆ?"

"ಇಲ್ಲ ಅಜ್ಜಿ."

ಬೈಯಲಿಲ್ಲ. ನಾನು ತಂದ ಚೌಕಟ್ಟನ್ನು ನೋಡಲೂ ಇಲ್ಲ. ಸೆರಗನ್ನು ಮಡಿಲಿಗೆ ಎಳೆದುಕೊಂಡು ಒಂದು ಗಂಟು ಬಿಚ್ಚಿದರು, ಆಮೇಲೆ ಇನ್ನೊಂದು. ಬಿಗಿಯಾಗಿದ್ದ ಒಂದನ್ನು ಹಲ್ಲಿನಿಂದ ಬಿಚ್ಚಿದರು. ಎಲ್ಲ ಮುಗಿದ ಮೇಲೆ ಸೆರಗನ್ನು ಅಂಗೈಯಲ್ಲಿ ತೀಡಿ ಸರಿಮಾಡಿ, ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ತಿರುಗಿದರು. ಅವರಿಬ್ಬರೇ ಮಾತಾಡಿಕೊಳ್ಳುವುದು ಯಾವಾಗಲೂ ಉರ್ದುವಿನಲ್ಲಿ. ಈ ಮಾತನ್ನು ನಾನೂ ಕೇಳಲಿ ಎಂದು ಕನ್ನಡದಲ್ಲಿ ಹೇಳಿದರು.

"ನಾನ್ ಮರ್ತಿರ್ನಿಲ್ಲ ಕಣ್ಲಾ."